ಹಿಂದಿನ ಚಕ್ರ ಜಾರಿದ ಮಳೆಗಾಲ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ದಾಟಿದ ಮೇಲೆ ಎಡಕ್ಕೆ ಹೊರಳುವ ಒಂದು ತಿರುವಿದೆ. 2024ರ ಜೂನ್‌ನಲ್ಲಿ ಆ ತಿರುವಿನಲ್ಲಿ ನಮ್ಮ ಕಾರಿನ ಹಿಂಭಾಗ ಬಲಕ್ಕೆ ಜಾರಿತು. ವೇಗ 45ರ ಆಸುಪಾಸು. ಬೆಳಿಗ್ಗೆ ಏಳು ಗಂಟೆ, ಸಣ್ಣಗೆ ಮಳೆ. ತಿರುವು ನಾನು ಅಂದುಕೊಂಡಿದ್ದಕ್ಕಿಂತ ಚೂರು ಬಿಗಿಯಾಗಿ ಕಂಡಿತು, ಆಕ್ಸಿಲರೇಟರ್ ಮೇಲಿನ ಕಾಲು ತೆಗೆದೆ, ಅಷ್ಟೇ. ಬ್ರೇಕ್ ಮುಟ್ಟಿರಲಿಲ್ಲ. ಬೆನ್ನಿನ ಹಿಂದೆ ಯಾರೋ ಕಾರನ್ನು ಪಕ್ಕಕ್ಕೆ ತಳ್ಳಿದ ಹಾಗಾಯಿತು. ಮೂತಿ ಎಡಕ್ಕೆ, ಚರಂಡಿಯ ಕಡೆಗೆ ತಿರುಗಿತು. ಕೈ ತಾನಾಗಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿತು, ಕಾರು ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಿ ನೇರವಾಯಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ ಅಪ್ಪಯ್ಯ ಕುಳಿತಿದ್ದರು. ತಿಂಗಳಿಗೆ ಎರಡು ಸಲ ಅವರನ್ನು ಹೃದಯದ ತಪಾಸಣೆಗೆ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಮಡಿಲಲ್ಲಿದ್ದ ವರದಿಗಳ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರು ಮುಂದೆ ನೋಡುತ್ತಿದ್ದರು. ಗುಡ್ಡೇಕೇರಿ ಬರುವವರೆಗೆ ಮಾತಿಲ್ಲ. ಆಮೇಲೆ, "ರಸ್ತೆ ಜಾರು ಇದೆ, ನಿಧಾನಕ್ಕೆ ಹೋಗು ಕೂಸೇ" ಅಂದರು. ಆ ದಿನ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾನು ಇಳಿದದ್ದು ನಡೆದುಕೊಂಡು ಹೋದ ಹಾಗೆ.

ಮನೆಗೆ ಬಂದು ಹೇಳಿದಾಗ ಎಲ್ಲರಿಗೂ ಕಾರಣ ಸಿದ್ಧವಾಗಿಯೇ ಇತ್ತು. ಭಾವ, "ಮೊದಲ ಮಳೆ ಅಲ್ಲವಾ, ಹಾಗೇ" ಅಂದರು. ಆ ಮಾತಿನಲ್ಲಿ ಹುರುಳಿದೆ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ತೊಟ್ಟಿಕ್ಕಿದ ಎಣ್ಣೆ, ಟೈರುಗಳು ಬಿಟ್ಟುಹೋದ ರಬ್ಬರಿನ ಪುಡಿ, ಧೂಳು ಎಲ್ಲವೂ ಮೊದಲ ಮಳೆಗೆ ಕಲಸಿ ಲೋಳೆಯಾಗುತ್ತವೆ. ನಮ್ಮ ಕಡೆ ಮರದ ನೆರಳು ಬಿಡದ ಜಾಗದಲ್ಲಿ ಪಾಚಿಯೂ ಸೇರುತ್ತದೆ. ನಾಲ್ಕು ದಿನ ಜಡಿಮಳೆ ಹೊಡೆದರೆ ಎಣ್ಣೆಯ ಪಸೆ ತೊಳೆದುಹೋಗುತ್ತದೆ. ಶಾಲೆಯ ಸಹೋದ್ಯೋಗಿಯೊಬ್ಬರು, "ತಿರುವಿನ ಮಧ್ಯೆ ಹೆದರಿ ಬ್ರೇಕ್ ಹಾಕಿರುತ್ತೀರಿ" ಅಂದರು. ಹಾಕಿಲ್ಲ ಎಂದೆ. ಅವರು ನಂಬಲಿಲ್ಲ. ಎರಡು ದಿನ ಕಳೆದಾಗ ನನಗೇ ನನ್ನ ಮೇಲೆ ಅನುಮಾನ ಬಂತು.

ಜುಲೈ ಮೊದಲ ವಾರ ಮತ್ತೆ ಜಾರಿತು. ಹದಿನೈದು ದಿನ ಬಿಡದೆ ಸುರಿದು ರಸ್ತೆ ಕನ್ನಡಿಯಂತೆ ತೊಳೆದುಹೋಗಿತ್ತು, ಹಾಗಾಗಿ ಎಣ್ಣೆಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ಆ ದಿನದಿಂದ ಕಾರಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟೆ. ನಾನು ಗಣಿತದ ಟೀಚರ್. ಎಲ್ಲಿ, ಯಾವ ಕಡೆಯ ತಿರುವು, ವೇಗ ಎಷ್ಟು, ನೀರು ನಿಂತಿತ್ತೋ ಇಲ್ಲವೋ, ಕಾಲು ಎಲ್ಲಿತ್ತು, ಕಾರಿನ ಯಾವ ತುದಿ ಜಾರಿತು ಎಂದು ಬರೆದಿಡತೊಡಗಿದೆ. ಜಾರಿದ್ದೆಲ್ಲ 35ರಿಂದ 45ರ ವೇಗದಲ್ಲಿ, ನೀರು ನಿಲ್ಲದ ಜಾಗದಲ್ಲಿ. ಪ್ರತಿ ಸಲವೂ ಕಾಲು ಸಡಿಲಿಸಿದ ಕ್ಷಣದಲ್ಲಿ, ಪ್ರತಿ ಸಲವೂ ಹಿಂಭಾಗವೇ. ಬಲ ತಿರುವಿಗಿಂತ ಎಡ ತಿರುವಿನಲ್ಲಿ ಹೆಚ್ಚು.

ಇಷ್ಟು ಬರೆದಾಗಲೇ ಒಂದು ಕಾರಣ ಕೈಬಿಟ್ಟಿತು. ಟೈರಿನ ಕೆಳಗೆ ನೀರಿನ ಪದರ ಸೇರಿಕೊಂಡು ಕಾರು ತೇಲುವುದುಂಟು. ಅದು ಹೆದ್ದಾರಿಯ ವೇಗದಲ್ಲಿ ನಿಂತ ನೀರಿನ ಮೇಲೆ ಹೋದಾಗ ಆಗುವಂಥದ್ದು, ಆಗ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ನನಗೆ ಒಮ್ಮೆಯೂ ಸ್ಟಿಯರಿಂಗ್ ಹಗುರಾಗಿರಲಿಲ್ಲ. ನನ್ನ ಕಾರು ತೇಲುತ್ತಿರಲಿಲ್ಲ, ಒದ್ದೆ ನೆಲವನ್ನು ಹಿಡಿಯಲಾರದೆ ಜಾರುತ್ತಿತ್ತು.

ಶಿವಮೊಗ್ಗಕ್ಕೆ ಹೋಗಿ ಒಂದು ದೊಡ್ಡ ಸರ್ವಿಸ್ ಕೇಂದ್ರದಲ್ಲಿ ತೋರಿಸಿದೆ. ಅಲ್ಲಿಯ ಹುಡುಗ ಟೈರುಗಳ ಗೀರಿಗೆ ಆಳ ನೋಡುವ ಕಡ್ಡಿ ಇಳಿಸಿ, ಮುಂದೆ ಮೂರೂವರೆ ಮಿಲಿಮೀಟರ್, ಹಿಂದೆ ನಾಲ್ಕೂವರೆ ಎಂದು ಬರೆದುಕೊಂಡ. ಗೀರಿನ ತಳದಲ್ಲಿ ಅಡ್ಡಕ್ಕೆ ಇರುವ ಸಣ್ಣ ದಿಂಡು 1.6 ಮಿಲಿಮೀಟರ್ ಎತ್ತರದ್ದು. ಟೈರ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತು, ಕಾನೂನಿನ ಮಿತಿಯೂ ಅದೇ. "ನಿಮ್ಮದಕ್ಕೆ ಇನ್ನೂ ಹದಿನೈದು ಸಾವಿರ ಕಿಲೋಮೀಟರ್ ಇದೆ ಮೇಡಂ, ಹಿಂದಿನವಂತೂ ಹೊಸದರ ಹಾಗಿವೆ" ಅಂದ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿ, ಒಟ್ಟು 4,800 ರೂಪಾಯಿ ಬಿಲ್ ಕೊಟ್ಟರು. ಅಲೈನ್‌ಮೆಂಟ್ ನಿಜವಾಗಿಯೂ ಸ್ವಲ್ಪ ತಪ್ಪಿತ್ತು. ಮನೆಗೆ ಬರುವಾಗ ಕಾರು ನೇರ ರಸ್ತೆಯಲ್ಲಿ ಎಡಕ್ಕೆ ಎಳೆಯುವುದನ್ನು ಬಿಟ್ಟಿತ್ತು, ಎದೆಯ ಮೇಲಿನ ಭಾರ ಇಳಿದ ಹಾಗನ್ನಿಸಿತು.

ಒಂಬತ್ತು ದಿನಕ್ಕೆ, ಅದೇ ರಸ್ತೆಯಲ್ಲಿ, 38ರ ವೇಗದಲ್ಲಿ ಮತ್ತೆ ಜಾರಿತು. ಆ ಸಾಯಂಕಾಲ ಅಪ್ಪಯ್ಯನಿಗೆ, "ಇದು ಸರಿಯಾಗುವವರೆಗೆ ನಿಮ್ಮನ್ನು ಈ ಕಾರಿನಲ್ಲಿ ಕೂರಿಸುವುದಿಲ್ಲ" ಎಂದು ಹೇಳಿಬಿಟ್ಟೆ. ಮುಂದಿನ ತಪಾಸಣೆಗೆ ಭಾವ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು.

ನಮ್ಮೂರಿನ ಒಂದು ಚಿಕ್ಕ ಗ್ಯಾರೇಜಿನ ಮೇಸ್ತ್ರಿಯ ಮಗ ನನ್ನ ಬಳಿ ಹತ್ತನೆಯ ತರಗತಿ ಓದಿದ್ದ. ಅವರಲ್ಲಿಗೆ ಹೋಗಿ ನೋಟ್‌ಪುಸ್ತಕ ಮುಂದಿಟ್ಟೆ. ಅವರು ಕೈ ಒರೆಸಿಕೊಂಡು ಎರಡು ಪುಟವನ್ನೂ ನಿಧಾನವಾಗಿ ಓದಿದರು. "ಹಿಂದಿನದೇ ಜಾರುತ್ತಿದೆ ಅಂತ ಇಷ್ಟು ಖಚಿತವಾಗಿ ಯಾರೂ ಹೇಳುವುದಿಲ್ಲ ಟೀಚರ್. ಹಾಗಾದರೆ ಮುಂದಿನ ಬ್ರೇಕ್ ಯಾಕೆ ಬದಲಿಸಿದರು?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕಾರಿನ ಹಿಂಭಾಗವನ್ನು ಜಾಕ್ ಮೇಲೆ ಎತ್ತಿದರು. ಹ್ಯಾಂಡ್ ಬ್ರೇಕ್ ಕೇಬಲ್ ಸಿಕ್ಕಿಕೊಂಡು ಒಂದು ಚಕ್ರ ಹಿಡಿದರೆ ಒದ್ದೆಯಲ್ಲಿ ಹಿಂಭಾಗ ಜಾರಬಹುದು. ಎರಡೂ ಚಕ್ರಗಳನ್ನು ಕೈಯಲ್ಲಿ ತಿರುಗಿಸಿದರು, ಸಲೀಸಾಗಿ ತಿರುಗಿದವು. ಚಕ್ರದ ಕುಣಿತ ತಡೆಯುವ ಬಲಗಡೆಯ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆ ಸೋರಿ ಕೆಸರು ಅಂಟಿ ಗಟ್ಟಿಯಾಗಿತ್ತು. ಕಾರನ್ನು ಇಳಿಸಿ ಆ ಮೂಲೆಯನ್ನು ಒತ್ತಿ ಬಿಟ್ಟರೆ ಮೂರು ಸಲ ಕುಣಿದು ನಿಂತಿತು, ಎಡಗಡೆ ಒಂದೇ ಸಲಕ್ಕೆ ನಿಂತಿತು. ಎಡ ತಿರುವಿನಲ್ಲಿ ಭಾರದ ಹೆಚ್ಚಿನ ಪಾಲು ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಎಡ ತಿರುವಿನಲ್ಲೇ ಹೆಚ್ಚು ಜಾರುವುದಕ್ಕೆ ಕಾರಣ ಅಲ್ಲಿತ್ತು.

"ಆದರೆ ಇದೊಂದೇ ಅಲ್ಲ" ಎಂದು ಮೇಸ್ತ್ರಿ ನನ್ನ ಕೈ ಹಿಡಿದು ಟೈರಿನ ಮೇಲೆ ಇಡಿಸಿದರು. ಅಂಗೈಯನ್ನು ಸುತ್ತಲೂ ಸವರಿದಾಗ ಏರು ತಗ್ಗು, ಏರು ತಗ್ಗು. ಶಾಕ್ ಅಬ್ಸಾರ್ಬರ್ ಸತ್ತು ಚಕ್ರ ನೆಲದ ಮೇಲೆ ಕುಪ್ಪಳಿಸುತ್ತಾ ಓಡಿದ್ದರ ಗುರುತು ಅದು. ಆಮೇಲೆ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಊರಲು ಹೇಳಿದರು. ಮುಂದಿನ ಟೈರಿನಲ್ಲಿ ಉಗುರು ಚೂರು ಇಳಿದು ಗೆರೆ ಮೂಡಿತು, ನಿಧಾನವಾಗಿ ಮಾಸಿತು. ಹಿಂದಿನದರಲ್ಲಿ ಒಣಗಿದ ಅಡಕೆಗೆ ಉಗುರು ಊರಿದ ಹಾಗೆ, ನನ್ನ ಉಗುರೇ ನೊಂದಿತು. ಮೊಬೈಲಿನ ಬೆಳಕು ಹಿಡಿದು ಗೀರುಗಳ ತಳ ನೋಡಿದರೆ, ಬೇಸಿಗೆಯಲ್ಲಿ ಹಿಮ್ಮಡಿ ಒಡೆಯುವಂತೆ ಕೂದಲೆಳೆಯ ಬಿರುಕುಗಳು.

"ಇದರ ವಯಸ್ಸು ನೋಡಿ" ಅಂದರು. ಟೈರಿನ ಪಕ್ಕೆಯಲ್ಲಿ ಡಿ, ಒ, ಟಿ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಮುಂದಿನೆರಡು ವರ್ಷ. ನಾನು ಹೊರಗಿನಿಂದ ಎಷ್ಟು ಹುಡುಕಿದರೂ ಅಂಕಿ ಸಿಗಲಿಲ್ಲ, ಸಾಲು ಅರ್ಧಕ್ಕೇ ನಿಂತಿತ್ತು. ಪೂರ್ತಿ ಸಾಲು ಟೈರಿನ ಒಂದೇ ಪಕ್ಕೆಯಲ್ಲಿದ್ದರೂ ಸಾಕು, ನಮ್ಮ ಕಾರಿನಲ್ಲಿ ಆ ಪಕ್ಕೆ ಒಳಮುಖವಾಗಿತ್ತು. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿ, ಕೆಸರು ಒರೆಸಿ ಓದಿದೆ: 2816. ಅಂದರೆ 2016ರ 28ನೆಯ ವಾರ, ಜುಲೈ. ಎಂಟು ವರ್ಷ. ಮುಂದಿನವು 3421.

ಆಗ ಕಥೆ ಬಿಡಿಸಿಕೊಂಡಿತು. ಕಾರನ್ನು ನಾನು 2021ರ ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮಾರಿದವರು, "ಈಗಷ್ಟೇ ಹೊಸ ಟೈರ್ ಹಾಕಿಸಿದ್ದೇನೆ" ಅಂದಿದ್ದರು. ಹಾಕಿಸಿದ್ದು ಎರಡು, ಅವೂ ಮುಂದಕ್ಕೆ. ಇಂಥ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಎಳೆಯುವುದು, ತಿರುಗುವುದು, ಬ್ರೇಕಿನ ಬಹುಪಾಲು ಹೊರೆ ಎಲ್ಲವೂ ಅವುಗಳದ್ದೇ. ಹಿಂದಿನವು ಸುಮ್ಮನೆ ಉರುಳುತ್ತವೆ, ಆದ್ದರಿಂದ ಬೇಗ ಸವೆಯುವುದಿಲ್ಲ. ಸವೆಯದಿದ್ದರೂ ಬಿಸಿಲು, ಗಾಳಿ, ವರ್ಷಗಳು ರಬ್ಬರನ್ನು ಗಟ್ಟಿಯಾಗಿಸುತ್ತವೆ. ಒದ್ದೆ ಡಾಂಬರಿನ ಸಣ್ಣ ಸಣ್ಣ ಉಬ್ಬುಗಳ ನಡುವೆ ಒತ್ತಿಕೊಂಡು ಕೂರುವುದಕ್ಕೆ ರಬ್ಬರ್ ಮೆತ್ತಗಿರಬೇಕು. ಗೀರು ನೀರನ್ನು ಹೊರಗೆ ಹಾಕಿಕೊಡುತ್ತದೆ, ಆಮೇಲೆ ನೆಲವನ್ನು ಹಿಡಿಯಬೇಕಾದದ್ದು ರಬ್ಬರ್. ಎಲ್ಲರೂ ಗೀರಿನ ಆಳ ಅಳೆದರು. ರಬ್ಬರನ್ನು ಮುಟ್ಟಿ ನೋಡಿದ್ದು ಈ ಮೇಸ್ತ್ರಿ ಒಬ್ಬರೇ.

ಆದರೂ ನನಗೆ ಒಂದು ಹಟ ಹುಟ್ಟಿತ್ತು. ಒಂದು ಸಲ ಅಲೈನ್‌ಮೆಂಟ್ ಎಂದು ನಂಬಿ ಮೋಸಹೋಗಿದ್ದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಒಂದೊಂದೇ ಬದಲಿಸಿ ಅಳೆಯೋಣ ಎಂದೆ. ಮೇಸ್ತ್ರಿ ಒಪ್ಪಿ, ಪರಿಚಯದ ಅಕ್ಕಿ ಗಿರಣಿಯವರನ್ನು ಕೇಳಿಕೊಟ್ಟರು. ಭತ್ತ ಒಣಗಿಸುವ ಅವರ ಸಿಮೆಂಟ್ ಅಂಗಳ ಅರ್ಧ ಎಕರೆಯಷ್ಟಿದೆ, ಮಳೆಗಾಲದಲ್ಲಿ ಖಾಲಿ. ಭಾನುವಾರ ಗಿರಣಿಗೆ ರಜೆ. ಗೇಟು ಹಾಕಿಸಿ, ಒಳಗೆ ಬೇರೆ ಯಾರೂ ಇಲ್ಲದಂತೆ ನೋಡಿಕೊಂಡೆವು. ಈ ಪ್ರಯೋಗವನ್ನು ರಸ್ತೆಯಲ್ಲಿ ಯಾರೂ ಮಾಡಬಾರದು.

ಅಂಗಳದ ನಡುವೆ ನನ್ನ ತಮ್ಮ ಹಗ್ಗದ ತುದಿ ಹಿಡಿದು ನಿಂತ, ನಾನು ಹತ್ತು ಮೀಟರ್ ದೂರದಲ್ಲಿ ಸುತ್ತು ಬಂದು ತೆಂಗಿನ ಸಿಪ್ಪೆಗಳನ್ನು ಇಡುತ್ತಾ ಹೋದೆ. ಕಾರು ಹತ್ತಿದರೂ ಸಿಪ್ಪೆಯಿಂದ ಅಪಾಯವಿಲ್ಲ. ಆ ವೃತ್ತದ ಮೇಲೆ ಎಡಕ್ಕೆ ಸುತ್ತುತ್ತಾ ವೇಗವನ್ನು ಒಂದೊಂದೇ ಕಿಲೋಮೀಟರ್ ಏರಿಸಿ, ಪ್ರತಿ ವೇಗದಲ್ಲೂ ಒಮ್ಮೆ ಕಾಲು ಸಡಿಲಿಸುವುದು. ಪಕ್ಕದಲ್ಲಿ ಕುಳಿತ ತಮ್ಮ ವೇಗ ಓದಿ ಬರೆದುಕೊಳ್ಳುವುದು. ಸ್ಪೀಡೋಮೀಟರ್ ನಿಜಕ್ಕಿಂತ ಚೂರು ಹೆಚ್ಚು ತೋರಿಸಬಹುದು, ಹೋಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ.

ಮೊದಲು ಇದ್ದ ಸ್ಥಿತಿಯಲ್ಲೇ ನೋಡಿದೆವು. ಪೆಟ್ರೋಲ್ ಬಂಕಿನಲ್ಲಿ ಹಾಕಿಸಿದ ಗಾಳಿ ಹೊಸದಾಗಿ ಕೊಂಡ ಗೇಜಿನಲ್ಲಿ 40 ಪಿಎಸ್‌ಐ ತೋರಿಸಿತು. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ನನ್ನ ಕಾರಿಗೆ ಇರಬೇಕಾದದ್ದು 33. ಗಾಳಿ ಹೆಚ್ಚಾದರೆ ಟೈರು ಉಬ್ಬಿ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಹಾಗೆಂದು ಕಡಿಮೆ ಮಾಡಿದರೆ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಚೀಟಿಯಲ್ಲಿರುವ ಅಂಕಿಯೇ ಸರಿ, ಅದೂ ಬೆಳಿಗ್ಗೆ ಟೈರು ತಣ್ಣಗಿರುವಾಗ. 40ರಲ್ಲಿ ಹಿಂಭಾಗ 22ಕ್ಕೇ ಹೊರಳಿತು. 33ಕ್ಕೆ ಇಳಿಸಿದ ಮೇಲೆ 23ಕ್ಕೆ.

ಆಮೇಲೆ ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದೆವು. ಬೇರೇನೂ ಮುಟ್ಟಲಿಲ್ಲ. ಸತ್ತ ಶಾಕ್ ಅಬ್ಸಾರ್ಬರ್ ಕೂಡ ಹಾಗೆಯೇ ಇತ್ತು. ಮತ್ತೆ ಸುತ್ತಿದೆ. 21, 22. 23ರಲ್ಲಿ ಹಿಂಭಾಗ ಅಲುಗಲಿಲ್ಲ. ಬದಲಿಗೆ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದ್ದರೂ ಕಾರಿನ ಮೂತಿ ಮಾತು ಕೇಳದೆ ಹೊರಗೆ, ತೆಂಗಿನ ಸಿಪ್ಪೆಗಳ ಮೇಲೆ ನೇರವಾಗಿ ಹೋಯಿತು. ರೋಗ ಟೈರಿನ ಜೊತೆಯಲ್ಲೇ ಮುಂದಕ್ಕೆ ಬಂದಿತ್ತು. ತಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಮುಂದಿನದು ಹೋಯಿತು ಮೇಸ್ತ್ರಿ!" ಎಂದು ಕೂಗಿದ. ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಮೇಸ್ತ್ರಿ ತಲೆಯಾಡಿಸಿದರು. ಒಂದೂವರೆ ತಿಂಗಳು ನನ್ನ ಮೇಲೆಯೇ ಇದ್ದ ಅನುಮಾನ ಆ ಅಂಗಳದಲ್ಲಿ ಹರಿದುಹೋಯಿತು.

ಶಾಕ್ ಅಬ್ಸಾರ್ಬರಿನ ಪಾಲು ಎಷ್ಟು ಎಂಬುದು ಮಾತ್ರ ಅಂಗಳದಲ್ಲಿ ತಿಳಿಯಲಿಲ್ಲ. "ಇದು ನುಣ್ಣನೆಯ ನೆಲ, ಇಲ್ಲಿ ಚಕ್ರ ಕುಪ್ಪಳಿಸುವುದೇ ಇಲ್ಲ. ಅದರ ತಪ್ಪು ಗುಂಡಿ ಬಿದ್ದ ತಿರುವಿನಲ್ಲೇ ಕಾಣುವುದು" ಎಂದು ಮೇಸ್ತ್ರಿ ವಿವರಿಸಿದರು. ಒಂದೇ ಕೆಟ್ಟಿದ್ದರೂ ಹಿಂದಿನ ಎರಡನ್ನೂ ಜೋಡಿಯಾಗಿ ಬದಲಿಸಿದೆವು, ಎರಡೂ ಕಡೆ ಒಂದೇ ಸಮ ಇರಲೆಂದು.

ಟೈರ್ ಅಂಗಡಿಯಲ್ಲಿ ಇನ್ನೊಂದು ಜಗಳ ಕಾದಿತ್ತು. ನಾಲ್ಕೂ ಹೊಸದು ಕೊಳ್ಳುವಷ್ಟು ಹಣ ಆ ತಿಂಗಳು ಇರಲಿಲ್ಲ. 2021ರ ಎರಡು ಇನ್ನೂ ಮೆತ್ತಗಿದ್ದವು. ಎರಡು ಹೊಸದು ತೆಗೆದುಕೊಂಡೆ. ಹಣ ಕೊಡುವ ಮೊದಲು ಅವುಗಳ ತಾರೀಖನ್ನೂ ಓದಿದೆ, ಅದೇ ವರ್ಷದವು. ಅಂಗಡಿಯವರು ಕೇಳದೆಯೇ ಅವನ್ನು ಮುಂದಕ್ಕೆ ಹಾಕಲು ಹೊರಟರು. ಹಿಂದಕ್ಕೆ ಹಾಕಿ ಎಂದೆ. "ಮುಂದಿನವೇ ಕೆಲಸ ಮಾಡುವುದು ಮೇಡಂ, ಹೊಸದು ಯಾವಾಗಲೂ ಮುಂದಕ್ಕೆ. ಇಪ್ಪತ್ತು ವರ್ಷದಿಂದ ಹಾಕುತ್ತಿದ್ದೇನೆ" ಅಂದರು.

ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮುಂದಿನವು ಬೇಗ ಸವೆಯುತ್ತವೆ, ಒಣ ರಸ್ತೆಯಲ್ಲಿ ವ್ಯತ್ಯಾಸವೂ ತಿಳಿಯುವುದಿಲ್ಲ. ಒದ್ದೆಯಲ್ಲಿ ಮುಂದಿನ ಚಕ್ರ ಮೊದಲು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಸ್ಟಿಯರಿಂಗ್ ಸಡಿಲವಾದದ್ದು ಕೈಗೆ ತಿಳಿಯುತ್ತದೆ. ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಡಿತ ಮರಳುತ್ತದೆ. ಹಿಂದಿನದು ಮೊದಲು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಹೆದರಿ ಕಾಲು ತೆಗೆದಷ್ಟೂ ಹಿಂಭಾಗ ಹಗುರಾಗಿ ಇನ್ನೂ ಜಾರುತ್ತದೆ. ನನಗೆ ಆಗುತ್ತಿದ್ದದ್ದು ಅದೇ. ಹೊಸ ಟೈರು ಎರಡೇ ಇದ್ದರೆ ಹಿಂದಕ್ಕೆ ಹಾಕಿ ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಎಬಿಎಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ನನ್ನ ಕಾರಿನಲ್ಲೂ ಇದೆ. ಅದು ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಸಾಧನ. ಬ್ರೇಕೇ ಒತ್ತದೆ ಜಾರುವ ಚಕ್ರಕ್ಕೆ ಅದು ಏನೂ ಮಾಡುವುದಿಲ್ಲ.

ಇಷ್ಟನ್ನೂ ಆ ಅಂಗಡಿಯವರಿಗೆ ನಿಂತು ಹೇಳಿದೆ. ಮೊದಲು ಗ್ಯಾರೇಜಿನ ಮೇಸ್ತ್ರಿಯ ಮುಖ ನೋಡಿದರು, ಮೇಸ್ತ್ರಿ, "ಟೀಚರ್ ಹೇಳಿದ ಹಾಗೆ ಹಾಕಿ" ಅಂದರು. ಹಾಕಿದರು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮತ್ತೊಮ್ಮೆ ಆಯಿತು.

ಮುಂದಿನ ಭಾನುವಾರ ಅದೇ ಅಂಗಳ, ಅದೇ ಸಿಪ್ಪೆ, ಅದೇ ಸೋನೆ. 23 ದಾಟಿತು, 25 ದಾಟಿತು. 27ಕ್ಕೆ ಮುಂದಿನ ಚಕ್ರಗಳು ಮೆಲ್ಲಗೆ ಹೊರಗೆ ಸರಿದವು, ಕಾಲು ತೆಗೆದ ಕೂಡಲೇ ಕಾರು ವೃತ್ತಕ್ಕೆ ಮರಳಿತು. ಹಿಂಭಾಗ ಕದಲಲಿಲ್ಲ. ನಾಲ್ಕು ಕಿಲೋಮೀಟರ್ ಎಂದರೆ ಅಲ್ಪವೆಂದು ಕಾಣುತ್ತದೆ. ಆದರೆ ತಿರುವಿನಲ್ಲಿ ಬೇಕಾಗುವ ಹಿಡಿತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 27ರ ವರ್ಗ 729, 23ರದ್ದು 529. ಹಿಡಿತ ಹೆಚ್ಚುಕಡಿಮೆ 1.4 ಪಟ್ಟು ಆಗಿತ್ತು. ಈ ಲೆಕ್ಕವನ್ನು ಆಮೇಲೆ ತರಗತಿಯಲ್ಲಿ ಹಲಗೆಯ ಮೇಲೆ ಬರೆದೆ. ಅಷ್ಟು ಗಮನವಿಟ್ಟು ಮಕ್ಕಳು ವರ್ಗಸಂಖ್ಯೆಯ ಪಾಠ ಕೇಳಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಆಗಸ್ಟ್‌ನಲ್ಲಿ ಅಪ್ಪಯ್ಯನನ್ನು ಮತ್ತೆ ಕರೆದುಕೊಂಡು ಹೊರಟೆ. ಮೇಗರವಳ್ಳಿಯ ಆ ತಿರುವಿಗೆ 35ರಲ್ಲಿ ಹೋದೆ. ಟೈರ್ ಸರಿಯಾಯಿತೆಂದು ವೇಗ ಏರಿಸುವ ಮನಸ್ಸು ಇರಲಿಲ್ಲ. ಮಳೆ ಜೂನ್‌ಗಿಂತ ಜೋರಾಗಿತ್ತು. ತಿರುವಿನ ಒಳಗೆ ಒಂದು ಗುಂಡಿಯ ಮೇಲೆ ಬಲಗಡೆಯ ಚಕ್ರ ಹಾದು ಒಂದೇ ಪೆಟ್ಟಿಗೆ ಕೂತಿತು, ಕಾರು ಗೆರೆ ಬಿಡಲಿಲ್ಲ. ಘಾಟಿ ಇಳಿದು ಸೋಮೇಶ್ವರ ತಲುಪಿದಾಗ ನೋಡಿದರೆ ಅಪ್ಪಯ್ಯ ನಿದ್ದೆ ಹೋಗಿದ್ದರು, ವರದಿಗಳ ಚೀಲ ಕಾಲಬುಡದಲ್ಲಿ ಬಿದ್ದಿತ್ತು.

ತೆಗೆದ ಹಳೆಯ ಎರಡು ಟೈರುಗಳನ್ನು ಅಂಗಡಿಯವರು, "ಇಲ್ಲೇ ಬಿಡಿ, ಯಾರಾದರೂ ಕೊಳ್ಳುತ್ತಾರೆ" ಅಂದಿದ್ದರು. ಬಿಡದೆ ಮನೆಗೆ ತಂದು ಕೊಟ್ಟಿಗೆಯಲ್ಲಿ ಹಾಕಿದ್ದೆ. ಸ್ಟೆಪ್ನಿಯೂ 2016ರದ್ದೇ, ಅದನ್ನು ಪಂಕ್ಚರ್ ಆದರೆ ಹತ್ತಿರದ ಅಂಗಡಿಯವರೆಗೆ ಮೆಲ್ಲಗೆ ಹೋಗುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಗಣೇಶನ ಹಬ್ಬದ ಹೊತ್ತಿಗೆ ಪಕ್ಕದ ಮನೆಯ ಹುಡುಗ ಬಂದು ಆ ಎರಡನ್ನು ತಿರುಗಿಸಿ ನೋಡಿ, "ಗ್ರಿಪ್ ಇಷ್ಟು ಚೆನ್ನಾಗಿದೆಯಲ್ಲ ಅಕ್ಕಾ, ನಮ್ಮ ಕಾರಿಗೆ ಸರಿಹೋಗುತ್ತದೆ, ಕೊಡಿ" ಎಂದು ಕೇಳಿದ. ಅವನ ಹೆಬ್ಬೆರಳಿನ ಉಗುರನ್ನು ಆ ರಬ್ಬರಿಗೆ ಊರಿಸಿದೆ, 2816 ಓದಿಸಿದೆ. ಅವನು ಹೋದ ಮೇಲೆ, ಇವು ಇದ್ದಷ್ಟು ದಿನ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ ಅನ್ನಿಸಿತು. ಎರಡರ ಪಕ್ಕೆಯನ್ನೂ ಸೀಳಿಬಿಡಬೇಕು ಎಂದು ಅಪ್ಪಯ್ಯನಿಗೆ ಹೇಳಿದೆ. ಅವರು ಅಡಕೆ ತೋಟದ ಕತ್ತಿಯನ್ನು ಕಲ್ಲಿಗೆ ಮಸೆದು, ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ ನನ್ನ ಕೈಗೆ ಕೊಟ್ಟರು.